ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೀರಾ? ನಿಮ್ಮ ಆರೈಕೆಯನ್ನೂ ಅದೇ ಪಟ್ಟಿಗೆ ಸೇರಿಸಿಕೊಳ್ಳುವ ಬಗೆ

ಲಕ್ವ ಹೊಡೆದ ಮಾವ, ಸೊಂಟದ ಮೂಳೆ ಮುರಿದುಕೊಂಡ ಅಮ್ಮ, ಮರೆವಿನ ಕಾಯಿಲೆಯ ಅಪ್ಪ. ಇಂಥವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ನಿನ್ನ ಆರೋಗ್ಯಾನೂ ನೋಡ್ಕೋ ಅಂತ ಎಲ್ಲರೂ ಹೇಳ್ತಾರೆ. ಯಾವಾಗ ಅಂತ ಮಾತ್ರ ಯಾರೂ ಹೇಳಲ್ಲ."

ಕೇಳುವುದರಲ್ಲಿ ತಪ್ಪೇನಿಲ್ಲ. ಸ್ವ-ಆರೈಕೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಿಡುವಿದ್ದವರಿಗಾಗಿ ಬರೆದವು. ರಾತ್ರಿ ಮೂರಕ್ಕೆ ಡೈಪರ್ ಬದಲಿಸಿ ಮಲಗಿದವರಿಗೆ ಐದಕ್ಕೆದ್ದು ಧ್ಯಾನ ಮಾಡಿ ಅಂದರೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ನಾನಿಲ್ಲಿ ಹೇಳುವ ಉಪಾಯ ಬೇರೆ. ಬಿಡುವು ಹುಡುಕುವುದನ್ನು ಬಿಟ್ಟುಬಿಡಿ, ಅದು ಸಿಗುವುದಿಲ್ಲ. ರೋಗಿಗೆ ಮಾತ್ರೆ, ಊಟ, ಮಗ್ಗುಲು ಬದಲಾವಣೆ ಎಂದು ಹೇಗಿದ್ದರೂ ಒಂದು ವೇಳಾಪಟ್ಟಿ ನಡೆಯುತ್ತಲೇ ಇರುತ್ತದೆ. ಆ ಪಟ್ಟಿಯಲ್ಲೇ ನಿಮಗೂ ಒಂದು ಕಾಲಂ ಹಾಕಿಕೊಳ್ಳಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಉದ್ದ ನೋಟ್‌ಬುಕ್, ಫೋನಿನ ಅಲಾರಂ, ಒಂದು ಲೀಟರಿನ ನೀರಿನ ಬಾಟಲಿ, ತೋಳಿಗೆ ಕಟ್ಟುವ ಬಿಪಿ ಮೆಷಿನ್, ಹರಿಯದಷ್ಟು ಗಟ್ಟಿಯಾದ ಒಂದು ಹತ್ತಿ ಬೆಡ್‌ಶೀಟ್. ಇವುಗಳಲ್ಲಿ ಅರ್ಧ ರೋಗಿಗೆಂದು ಆಗಲೇ ಮನೆಗೆ ಬಂದಿರುತ್ತವೆ.

1. ಮೂರು ದಿನ ಇದ್ದದ್ದನ್ನು ಇದ್ದಂತೆ ಬರೆಯಿರಿ

ಪುಟದ ಎಡಕ್ಕೆ ಗಂಟೆ, ನಡುವೆ ರೋಗಿಗೆ ಮಾಡಿದ್ದು, ಬಲಕ್ಕೆ ನೀವು ನಿಮಗಾಗಿ ಮಾಡಿಕೊಂಡದ್ದು. ಕಾಫಿ ಕುಡಿದದ್ದು, ಸ್ನಾನ, ತಿಂಡಿ, ನಿದ್ದೆ ಎಲ್ಲವೂ ಬರಲಿ. ಈ ಮೂರು ದಿನ ಏನನ್ನೂ ಬದಲಿಸಲು ಹೋಗಬೇಡಿ.

ಬಲಗಡೆಯ ಕಾಲಂ ಹೆಚ್ಚಿನವರ ಪುಸ್ತಕದಲ್ಲಿ ಖಾಲಿ ಉಳಿಯುತ್ತದೆ. ಬೆಳಿಗ್ಗೆ ಏಳರ ಕಾಫಿ ಆದ ಮೇಲೆ ಮಧ್ಯಾಹ್ನ ಮೂರರವರೆಗೆ ಹೊಟ್ಟೆಗೇನೂ ಬಿದ್ದಿಲ್ಲ ಅನ್ನುವುದು ಗೊತ್ತಾಗುವುದೇ ಬರೆದಾಗ. ಅದಕ್ಕಿಂತ ಮುಖ್ಯವಾಗಿ ನಡುವಿನ ಕಾಲಂ ನೋಡಿ. ಏನೇ ಆದರೂ ತಪ್ಪದೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುವ ಕೆಲಸಗಳಿಗೆ ಗುರುತು ಹಾಕಿ. ಇವನ್ನು ಕೊಂಡಿ ಎಂದು ಕರೆಯೋಣ. ಮುಂದೆ ನಿಮ್ಮ ಒಂದೊಂದು ಅಭ್ಯಾಸವನ್ನೂ ಇಂಥದೊಂದು ಕೊಂಡಿಗೆ ಸಿಕ್ಕಿಸುತ್ತೀರಿ. "ದಿನಾ ಸ್ವಲ್ಪ ಹೆಚ್ಚು ನೀರು ಕುಡಿಯಬೇಕು" ಎಂಬ ತೀರ್ಮಾನ ಮೂರು ದಿನ ಬಾಳುವುದಿಲ್ಲ. "ಮಗ್ಗುಲು ಬದಲಿಸಿ ಕೈ ತೊಳೆದ ಕೂಡಲೇ ಒಂದು ಲೋಟ ನೀರು" ಎಂಬುದು ಬಾಳುತ್ತದೆ, ಯಾಕೆಂದರೆ ಮಗ್ಗುಲು ಬದಲಿಸುವುದನ್ನು ನೀವು ಮರೆಯುವಂತಿಲ್ಲ.

2. ನಿಮ್ಮ ಮಾತ್ರೆಯಿಂದ ಶುರು ಮಾಡಿ

ನಿಮಗೇ ಬಿಪಿ, ಥೈರಾಯ್ಡ್, ಶುಗರ್ ಇದ್ದರೆ ಮೊದಲು ಕೈಬಿಟ್ಟುಹೋಗುವುದು ಆ ಮಾತ್ರೆಯೇ. ಮಾವನ ಎಂಟು ಮಾತ್ರೆಗಳನ್ನು ಗಂಟೆಗೆ ಸರಿಯಾಗಿ ಕೊಡುವವರು ತಮ್ಮ ಒಂದನ್ನು ಮರೆಯುತ್ತಾರೆ. ನಿಮ್ಮ ಮಾತ್ರೆಯ ಹೊತ್ತಿಗೆ ಅತಿ ಹತ್ತಿರವಿರುವ ರೋಗಿಯ ಮಾತ್ರೆಯನ್ನು ಕೊಂಡಿಯಾಗಿ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೇ ಆಗಬೇಕಾದ್ದರಿಂದ ಅದನ್ನು ಬೆಳಗಿನ ಮೊದಲ ಕೆಲಸಕ್ಕೆ ಜೋಡಿಸಿ.

ಎಚ್ಚರಿಕೆ: ಹೊತ್ತು ಒಂದೇ ಆದರೂ ಡಬ್ಬಿ, ಜಾಗ ಬೇರೆಯೇ ಇರಲಿ. ಎರಡೂ ಡಬ್ಬಿ ಒಂದೇ ತಟ್ಟೆಯಲ್ಲಿದ್ದರೆ ನಿದ್ದೆಗಣ್ಣಿನಲ್ಲಿ ಅದಲುಬದಲಾಗುತ್ತದೆ. ನಿಮ್ಮದು ಅಡುಗೆಮನೆಯ ಕಪಾಟಿನಲ್ಲಿ, ರೋಗಿಯದು ಕೋಣೆಯಲ್ಲಿ. ಡಬ್ಬಿಯ ಬಣ್ಣವೂ ಬೇರೆ.

3. ಊಟ: ಆ ಅರ್ಧ ಗಂಟೆ ನಿಮ್ಮದು

ಇದು ಈ ಲೇಖನದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಭಾಗ ಎಂದು ನನಗನ್ನಿಸುತ್ತದೆ.

ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ (ಆಸ್ಪತ್ರೆಯವರು ರೈಲ್ಸ್ ಟ್ಯೂಬ್ ಎನ್ನುವುದು ಇದಕ್ಕೇ) ಗಂಜಿ ಕೊಡುತ್ತಿದ್ದರೆ, ಕೊಡುವಾಗಲೂ ಕೊಟ್ಟ ಮೇಲೆ ಕನಿಷ್ಠ ಅರ್ಧ ಗಂಟೆಯೂ ರೋಗಿಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಬಾಯಿಂದ ಉಣ್ಣುವವರಿಗೆ ನುಂಗಲು ಕಷ್ಟವಿದ್ದರೂ ಊಟವಾದ ಮೇಲೆ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಇಲ್ಲವಾದರೆ ಉಂಡದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಹಾಗಾಗಿ ಆ ಅರ್ಧ ಗಂಟೆ ನೀವು ಎಲ್ಲಿಗೂ ಹೋಗುವಂತಿಲ್ಲ, ಮಲಗಿಸುವಂತಿಲ್ಲ, ಡೈಪರ್ ಬದಲಿಸುವಂತಿಲ್ಲ. ಹತ್ತಿರ ಇರಬೇಕು, ಅಷ್ಟೆ.

ಹೆಚ್ಚಿನವರು ಈ ಹೊತ್ತಿನಲ್ಲಿ ಪಾತ್ರೆ ತೊಳೆಯಲು, ಬಟ್ಟೆ ಮಡಚಲು ಓಡುತ್ತಾರೆ. ಇನ್ನು ಮುಂದೆ ನಿಮ್ಮ ತಟ್ಟೆ ಹಿಡಿದು ಅಲ್ಲೇ ಕುರ್ಚಿಯಲ್ಲಿ ಕೂತು ಊಟ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ ತಾನಾಗಿಯೇ ಬರುವ ಹೊತ್ತು ಇದು. ಒಂದರಲ್ಲಿ ತಿಂಡಿ, ಒಂದರಲ್ಲಿ ಊಟ, ಒಂದರಲ್ಲಿ ಸುಮ್ಮನೆ ಕಾಫಿ.

ಅದಕ್ಕೆ ಒಂದು ಸಿದ್ಧತೆ ಬೇಕು: ರೋಗಿಗೆ ಬಡಿಸುವ ಮೊದಲೇ ನಿಮ್ಮ ತಟ್ಟೆಯನ್ನೂ ಬಡಿಸಿ ಮುಚ್ಚಿಡಿ. ಆಮೇಲೆ ಬಡಿಸಿಕೊಳ್ಳುತ್ತೇನೆ ಎಂದು ಅಡುಗೆಮನೆಗೆ ಹೋದರೆ ಅಲ್ಲಿ ನಾಲ್ಕು ಕೆಲಸ ಕಾಣಿಸುತ್ತವೆ. ತಟ್ಟೆಯಲ್ಲಿ ಬೇಳೆ, ಮೊಳಕೆ ಕಾಳು, ಮೊಟ್ಟೆ, ಮೊಸರು ಇವುಗಳಲ್ಲಿ ಯಾವುದಾದರೂ ಇರಲಿ. ರೋಗಿ ಉಳಿಸಿದ ಗಂಜಿ ನಿಮ್ಮ ಊಟವಲ್ಲ. ಹಾಳಾಗಬಾರದೆಂದು ಅದನ್ನೇ ಕುಡಿದು ಮುಗಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ, ಅದರಲ್ಲೂ ಹೆಂಗಸರಲ್ಲಿ.

ಎಚ್ಚರಿಕೆ: ಮೊಬೈಲ್ ನೋಡುತ್ತಾ ಮೈಮರೆಯಬೇಡಿ. ಕೆಮ್ಮು, ಗೊರಗೊರ ಸದ್ದು, ಏದುಸಿರು, ತುಟಿ ನೀಲಿಯಾಗುವುದು ಕಂಡರೆ ತಟ್ಟೆ ಬಿಟ್ಟು ಏಳಬೇಕು.

4. ಸೊಂಟ ಉಳಿಸಿಕೊಳ್ಳಿ

ತಾವಾಗಿ ಹೊರಳಲಾಗದವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ, ಬೆಡ್‌ಸೋರ್ ಆಗದಿರಲೆಂದು. ಒಂದೇ ಕಡೆ ಒತ್ತಿ ಒತ್ತಿ ರಕ್ತ ಓಡಾಟ ನಿಂತು ಚರ್ಮ ಕೊಳೆತು ಆಗುವ ಹುಣ್ಣು ಅದು. ದಿನಕ್ಕೆ ಹನ್ನೆರಡು ಸಲ ಅರವತ್ತು ಕೆಜಿ ಮೈಯನ್ನು ಬಗ್ಗಿ ಎಳೆದರೆ ಮುಂದಿನ ರೋಗಿ ನೀವೇ. ಎಳೆಯದೆ ಹೊರಳಿಸುವ ಕ್ರಮ ಹೀಗಿದೆ:

ರೋಗಿ ಯಾವ ಕಡೆಗೆ ತಿರುಗಬೇಕೋ ಆ ಕಡೆಯೇ ನಿಲ್ಲಿ. ಆಗ ಅವರು ನಿಮ್ಮತ್ತ ಉರುಳುತ್ತಾರೆ, ಆಚೆ ಬೀಳುವ ಭಯವಿಲ್ಲ. ನಿಮ್ಮಿಂದ ದೂರವಿರುವ ಅವರ ಕೈಯನ್ನು ಎದೆಯ ಮೇಲಿಡಿ, ದೂರದ ಕಾಲನ್ನು ಹತ್ತಿರದ ಕಾಲಿನ ಮೇಲೆ ಹಾಕಿ. ನಿಮ್ಮ ಒಂದು ಪಾದ ಮುಂದೆ, ಒಂದು ಹಿಂದೆ, ಮಂಡಿ ಬಗ್ಗಿರಲಿ, ಬೆನ್ನು ನೇರ. ಒಂದು ಅಂಗೈ ಅವರ ದೂರದ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಈಗ ತೋಳಿನ ಬಲ ಹಾಕದೆ ನಿಮ್ಮ ಮೈಭಾರವನ್ನು ಮುಂದಿನ ಪಾದದಿಂದ ಹಿಂದಿನ ಪಾದಕ್ಕೆ ಜಾರಿಸಿ. ರೋಗಿ ಅದರ ಜೊತೆಗೇ ಹೊರಳುತ್ತಾರೆ. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು. ಪೂರ್ತಿ ಮಗ್ಗುಲಾಗಿಸುವುದಕ್ಕಿಂತ ಓರೆಯಾಗಿ ಒರಗಿಸುವುದೇ ಸೊಂಟದ ಮೂಳೆಗೆ ಹಿತ. ಸೊಂಟದ ಆಪರೇಷನ್ ಆದವರಾಗಿದ್ದರೆ ಯಾವ ಮಗ್ಗುಲು, ಕಾಲು ಹೇಗಿರಬೇಕು ಎಂದು ಡಾಕ್ಟರನ್ನು ಕೇಳದೆ ಹೀಗೆ ಕಾಲ ಮೇಲೆ ಕಾಲು ಹಾಕಬೇಡಿ.

ಹಾಸಿಗೆಯ ತುದಿಗೆ ಜಾರಿದವರನ್ನು ಮೇಲಕ್ಕೆ ಎತ್ತುವ ಕೆಲಸ ಒಬ್ಬರದಲ್ಲ. ಬೆಡ್‌ಶೀಟನ್ನು ಎರಡಾಗಿ ಮಡಚಿ ಭುಜದಿಂದ ತೊಡೆಯವರೆಗೆ ಬರುವಂತೆ ರೋಗಿಯ ಅಡಿಯಲ್ಲಿ ಅಡ್ಡಹಾಸಾಗಿ ಹಾಸಿಟ್ಟಿರಿ. ಇಬ್ಬರು ಎರಡೂ ಬದಿಯಲ್ಲಿ ನಿಂತು, ಅಂಚು ಸುರುಳಿ ಸುತ್ತಿ ಹಿಡಿದು, ಮಂಚದ ತಲೆಭಾಗವನ್ನು ಮೊದಲು ಸಮತಟ್ಟು ಮಾಡಿ, "ಒಂದು, ಎರಡು, ಮೂರು" ಎಂದು ಒಟ್ಟಿಗೆ ಸರಿಸಬೇಕು. ಪಕ್ಕದ ಮನೆಯವರನ್ನು ಕರೆಯಲು ಸಂಕೋಚಪಡಬೇಡಿ, ಎರಡು ನಿಮಿಷದ ಕೆಲಸ. ಲಕ್ವ ಹೊಡೆದ ಕೈಯನ್ನು ಹಿಡಿದು ಮಾತ್ರ ಎಂದೂ ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಿದ್ದರೆ ಒಂದು ಸಲ ನಿಮ್ಮ ಕೈಯಲ್ಲೇ ಮಾಡಿಸಿ ತಿದ್ದಲು ಹೇಳಿ.

ಮಂಚ ತಗ್ಗಾಗಿದ್ದರೆ ಎಷ್ಟು ಕ್ರಮ ಕಲಿತರೂ ಸೊಂಟ ಹೋಗುತ್ತದೆ. ಎತ್ತರ ಹೊಂದಿಸಬಹುದಾದ ಆಸ್ಪತ್ರೆ ಮಂಚ ಊರುಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತದೆ. ದುಡ್ಡು ಎಲ್ಲಿ ಹಾಕಲಿ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಪ್ರತಿ ಸಲ ಹೊರಳಿಸಿ ಕೈ ತೊಳೆದ ಮೇಲೆ: ಒಂದು ಲೋಟ ನೀರು, ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ಐದು ಸಲ ಹಿಂದಕ್ಕೆ ಬಾಗುವುದು. ಇಷ್ಟನ್ನು ಬಲಗಡೆ ಕಾಲಂನಲ್ಲಿ ಗುರುತು ಮಾಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟಿದರೆ ಬಾಗುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

5. ನಿದ್ದೆ: ತುಂಡಾಗದ ಒಂದು ಕಟ್ಟು

ಎಂಟು ಗಂಟೆ ಎಂಬ ಲೆಕ್ಕ ಸದ್ಯಕ್ಕೆ ಬದಿಗಿಡಿ. ಮೊದಲ ಗುರಿ ಮಧ್ಯೆ ಎಬ್ಬಿಸದ ನಾಲ್ಕೈದು ಗಂಟೆ. ಮನೆಯಲ್ಲಿ ಇಬ್ಬರಿದ್ದರೆ ರಾತ್ರಿಯನ್ನು ಎರಡು ಪಾಳಿ ಮಾಡಿ: ಹತ್ತರಿಂದ ಎರಡೂವರೆ ಒಬ್ಬರು, ಅಲ್ಲಿಂದ ಏಳರವರೆಗೆ ಇನ್ನೊಬ್ಬರು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲೇ ಮಲಗಬೇಕು. ಒಂದೇ ಕೋಣೆಯಲ್ಲಿ ಮಲಗಿದರೆ ಇಬ್ಬರೂ ಏಳುತ್ತೀರಿ. "ಅವರು ಬೆಳಿಗ್ಗೆ ಆಫೀಸಿಗೆ ಹೋಗಬೇಕು, ಪಾಪ" ಎಂದು ಗಂಡನಿಗೆ ರಜಾ ಕೊಡುವವರಿಗೆ ಒಂದು ಮಾತು: ನಿಮ್ಮ ಕೆಲಸಕ್ಕೂ ಬೆಳಿಗ್ಗೆಯೇ ಹಾಜರಿ.

ಒಬ್ಬರೇ ಇದ್ದರೆ ಡಾಕ್ಟರ್ ಅಥವಾ ನರ್ಸ್ ಹತ್ತಿರ ಏರ್‌ಬೆಡ್ ಬಗ್ಗೆ ಕೇಳಿ. ಪಂಪಿನಿಂದ ಗಾಳಿ ತುಂಬಿ, ಒಂದು ಸಾಲು ಉಬ್ಬುವಾಗ ಇನ್ನೊಂದು ತಗ್ಗುವ ಹಾಸಿಗೆ ಅದು. ಚರ್ಮದ ಸ್ಥಿತಿ ನೋಡಿ ರಾತ್ರಿಯ ಅಂತರ ಹೆಚ್ಚಿಸಬಹುದೇ ಎಂದು ಅವರು ಹೇಳುತ್ತಾರೆ. ಏರ್‌ಬೆಡ್ ತಂದೆವು, ಇನ್ನು ಹೊರಳಿಸುವುದೇ ಬೇಡ ಎಂದುಕೊಳ್ಳುವುದು ತಪ್ಪು. ವಾರಕ್ಕೆರಡು ರಾತ್ರಿಯಾದರೂ ಹೋಮ್ ನರ್ಸ್ ಇಟ್ಟುಕೊಳ್ಳುವ ಶಕ್ತಿಯಿದ್ದರೆ ಹಗಲಿಗಿಂತ ರಾತ್ರಿಗೇ ಇಡಿ.

ಮರೆವಿನ ಕಾಯಿಲೆಯವರಲ್ಲಿ ಸಂಜೆಯಾಗುತ್ತಲೇ ತಳಮಳ ಹೆಚ್ಚುವುದುಂಟು. "ಮನೆಗೆ ಹೋಗಬೇಕು" ಎಂದು ತಮ್ಮ ಮನೆಯಲ್ಲೇ ಕೂತು ಹಟ ಹಿಡಿಯುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಇಬ್ಬರೂ ಜಗಲಿಯ ಬೆಳಕಿನಲ್ಲಿ ಕೂತರೆ ಅವರ ರಾತ್ರಿಯೂ ನಿಮ್ಮ ರಾತ್ರಿಯೂ ಸ್ವಲ್ಪ ಸುಧಾರಿಸಬಹುದು. ಮಧ್ಯಾಹ್ನ ಅವರು ಮಲಗಿದಾಗ ನೀವೂ ಇಪ್ಪತ್ತು ನಿಮಿಷ ಮಲಗಿ. ಬಟ್ಟೆ ಕಾಯುತ್ತದೆ.

ಇನ್ನು ರಾತ್ರಿ ಹನ್ನೊಂದಕ್ಕೆ ಎಲ್ಲ ಮುಗಿಸಿ ಒಂದು ಗಂಟೆ ರೀಲ್ಸ್ ನೋಡುವ ವಿಚಾರ. ಬೈಯುವುದಿಲ್ಲ. ದಿನವಿಡೀ ಇನ್ನೊಬ್ಬರ ಹೊತ್ತಿಗೆ ಬದುಕಿದವರಿಗೆ ಅದೊಂದೇ ಸ್ವಂತದ್ದು ಅನ್ನಿಸುತ್ತದೆ. ಮೇಲೆ ಹೇಳಿದ ಊಟದ ನಂತರದ ಅರ್ಧ ಗಂಟೆ ನಿಜವಾಗಿ ನಿಮ್ಮದಾದರೆ ಇದು ತಾನೇ ಕಮ್ಮಿಯಾಗುತ್ತದೆ.

6. ವಾರಕ್ಕೆ ಎರಡು ಗಂಟೆ ಹೊರಗೆ

"ಏನಾದ್ರೂ ಬೇಕಿದ್ರೆ ಹೇಳು" ಎನ್ನುವ ನೆಂಟರು ಎಲ್ಲರಿಗೂ ಇದ್ದಾರೆ. ಅವರಲ್ಲಿ ಅರ್ಧದಷ್ಟು ಜನ ನಿಜವಾಗಿಯೂ ಬರುತ್ತಾರೆ, ಏನು ಮಾಡಬೇಕೆಂದು ಗೊತ್ತಿರುವುದಿಲ್ಲ ಅಷ್ಟೆ. ಹೀಗೆ ಕೇಳಿ: "ಚಿಕ್ಕಮ್ಮಾ, ಭಾನುವಾರ ನಾಲ್ಕರಿಂದ ಆರರವರೆಗೆ ಅತ್ತೆ ಹತ್ತಿರ ಕೂತಿರ್ತೀರಾ? ಆಗ ಮಾತ್ರೆ ಕೊಡೋದಿರಲ್ಲ, ಐದಕ್ಕೆ ಒಂದು ಲೋಟ ರಾಗಿ ಗಂಜಿ ಕುಡಿಸಿದ್ರೆ ಸಾಕು." ದಿನ, ಗಂಟೆ, ಕೆಲಸ ಮೂರೂ ಇದ್ದರೆ ಹೂಂ ಅನ್ನುವುದು ಸುಲಭ. ಇಲ್ಲ ಅನ್ನುವುದೂ ಸುಲಭ, ಅದೂ ಒಳ್ಳೆಯದೇ, ಬೇರೆಯವರನ್ನು ಕೇಳಬಹುದು.

ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ವಹಿಸಿಕೊಡುವ ಪಟ್ಟಿ ಬರೆದಿಡಿ: ರೋಗಿಯ ಹೆಸರು, ವಯಸ್ಸು, ಕಾಯಿಲೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವುದು ಅಲರ್ಜಿ, ಹೇಗೆ ಕೂರಿಸಿ ಕುಡಿಸಬೇಕು, ಮುಂದಿನ ಮಗ್ಗುಲು ಯಾವ ಕಡೆ, ಡಾಕ್ಟರ್ ನಂಬರ್, ಆಂಬ್ಯುಲೆನ್ಸ್ 108.

ಮೊದಲ ಸಲ ಮುಕ್ಕಾಲು ಗಂಟೆ, ಹತ್ತಿರದಲ್ಲೇ. ಆಮೇಲೆ ಹೆಚ್ಚಿಸಿ. ಇಲ್ಲಿ ಎಡವುವ ಕಡೆ ಎರಡು. ಒಂದು, ಆ ಎರಡು ಗಂಟೆಯಲ್ಲಿ ರೇಷನ್, ಬ್ಯಾಂಕು, ಮೆಡಿಕಲ್ ಶಾಪ್ ಎಲ್ಲ ಸುತ್ತಿ ಬರುವುದು. ಅದು ಹೊರಗಿನ ಡ್ಯೂಟಿ, ನಿಮ್ಮ ಹೊತ್ತಲ್ಲ. ವಾಕಿಂಗ್ ಹೋಗಿ, ದೇವಸ್ಥಾನದ ಕಟ್ಟೆಯ ಮೇಲೆ ಕೂರಿ, ಗೆಳತಿಯ ಮನೆಗೆ ಹೋಗಿ ಬನ್ನಿ. ಎರಡು, ಬಂದವರು ಮಾಡಿದ ರೀತಿ ಸರಿಯಿಲ್ಲವೆಂದು ತಿದ್ದುವುದು. ಹೊದಿಕೆ ಹೇಗೆ ಮಡಚಿದರು ಎಂಬುದನ್ನು ಬಿಡಿ. ಮಾತ್ರೆ, ನುಂಗಿಸುವ ರೀತಿ, ಬೀಳದಂತೆ ನೋಡಿಕೊಳ್ಳುವುದು, ಈ ಮೂರರಲ್ಲಿ ಮಾತ್ರ ಬಾಯಿ ತೆರೆಯಿರಿ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಅಣ್ಣತಮ್ಮಂದಿರಿಗೂ ಕೆಲಸ ಹಂಚಬಹುದು. ಆನ್‌ಲೈನಿನಲ್ಲಿ ಮಾತ್ರೆ ತರಿಸುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ನರ್ಸ್ ಸಂಬಳ ಅವರ ಪಾಲಿಗೆ ಬರಲಿ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ 7 ಆದಾಗ ನಮ್ಮಲ್ಲಿ ಮರುದಿನ ಬೆಳಿಗ್ಗೆ 7:30, ಅಲ್ಲಿಯ ಚಳಿಗಾಲದಲ್ಲಾದರೆ 8:30. ದಿನಾ ಆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಅಮ್ಮನ ಜೊತೆ ಇಪ್ಪತ್ತು ನಿಮಿಷ ಮಾತಾಡಲಿ. ನೀವು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಸ್ನಾನ ಮಾಡಿ.

7. ನಿಮ್ಮ ರಕ್ತವನ್ನೂ ಕೊಡಿ

ರೋಗಿಯ ರಕ್ತ ತೆಗೆಯಲು ಲ್ಯಾಬಿನವರು ಮನೆಗೆ ಬಂದಾಗ ನಿಮ್ಮದನ್ನೂ ತೆಗೆಸಿ. ಹಿಮೋಗ್ಲೋಬಿನ್, ಶುಗರ್ ಸಾಕು. ಗರ್ಭಿಣಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಸದಾ ಸುಸ್ತು ಅನ್ನಿಸುವುದಕ್ಕೆ ಕೆಲಸವೇ ಕಾರಣ ಅಂದುಕೊಂಡಿರುತ್ತೀರಿ, ಇದೂ ಇರಬಹುದು. ರೋಗಿಯ ಬಿಪಿ ನೋಡಿದ ದಿನ ಐದು ನಿಮಿಷ ಸುಮ್ಮನೆ ಕೂತು ನಿಮ್ಮದನ್ನೂ ನೋಡಿ ಬರೆಯಿರಿ. ಮನೆಯಲ್ಲಿ ಮತ್ತೆ ಮತ್ತೆ 135/85 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

8. ಮನಸ್ಸಿನ ಮಾತು

ಸಿಟ್ಟು ಬರುತ್ತದೆ. "ಇದು ಯಾವಾಗ ಮುಗಿಯುತ್ತೋ" ಅನ್ನಿಸುತ್ತದೆ, ಮರುಕ್ಷಣ ಹಾಗನ್ನಿಸಿತಲ್ಲ ಎಂದು ಹಳಹಳಿ. ಇಬ್ಬರು ಆರೈಕೆದಾರರು ಮನಬಿಚ್ಚಿ ಕೂತು ಮಾತಾಡಿದರೆ ಹತ್ತು ನಿಮಿಷದಲ್ಲಿ ಈ ಮಾತು ಬರುತ್ತದೆ, ನೀವೊಬ್ಬರೇ ಅಲ್ಲ.

ಸಹನೆ ಮೀರಿತು, ಕೈ ಎತ್ತಿಬಿಡುತ್ತೇನೆ ಅನ್ನಿಸಿದಾಗ: ರೋಗಿಯನ್ನು ಒರಗಿಸಿ, ಮಂಚದ ಕಂಬಿ ಏರಿಸಿ, ಕೋಣೆಯಿಂದ ಹೊರಗೆ ಹೋಗಿ ಐದು ನಿಮಿಷ ನಿಲ್ಲಿ. ಹಾಗೆ ಹೋಗುವುದು ನಿರ್ಲಕ್ಷ್ಯವಲ್ಲ.

ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಸಮಯ ಸಿಕ್ಕರೂ ನಿದ್ದೆಯಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ ಎಂದಾದರೆ ಟೆಲಿ-ಮಾನಸ್‌ಗೆ ಫೋನ್ ಮಾಡಿ: 14416. ಅಕ್ಟೋಬರ್ 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸೇವೆ, ಇಪ್ಪತ್ತನಾಲ್ಕು ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರ. ಹಿರಿಯರಿಗೆ ಸಂಬಂಧಿಸಿದ ಮಾಹಿತಿ, ನೆರವಿಗೆ ಎಲ್ಡರ್‌ಲೈನ್ 14567 ಇದೆ. ಸಾಯಬೇಕು ಅಥವಾ ಅವರನ್ನು ಸಾಯಿಸಬೇಕು ಎಂಬ ಯೋಚನೆ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಆ ಕ್ಷಣವೇ 14416 ಅಥವಾ 112, ಜೊತೆಗೆ ಮನೆಯಲ್ಲಿ ಇನ್ನೊಬ್ಬರನ್ನು ಎಬ್ಬಿಸಿ.

9. ಎಷ್ಟು ದಿನಕ್ಕೆ ಅಭ್ಯಾಸವಾಗುತ್ತದೆ?

ಇಪ್ಪತ್ತೊಂದು ದಿನ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದದ್ದು ಸುಮಾರು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಮಗೆ ಬೇಕಾದ ಅಂಶ ಇನ್ನೊಂದಿದೆ: ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ಆದ್ದರಿಂದ ಮೇಲಿನ ಎಲ್ಲವನ್ನೂ ಸೋಮವಾರದಿಂದಲೇ ಹಿಡಿಯಬೇಡಿ. ಮೊದಲು ಮಾತ್ರೆ ಮತ್ತು ನೀರು. ಅದು ಕೈಗೆ ಹತ್ತಿದ ಮೇಲೆ ಊಟದ ಅರ್ಧ ಗಂಟೆ. ಸೊಂಟದ ವಿಚಾರ ಮಾತ್ರ ಇವತ್ತಿನಿಂದಲೇ.

10. ಆಸ್ಪತ್ರೆ ಸೇರಿದಾಗ

ರೋಗಿಗೆ ಜ್ವರ ಬಂದು ಅಡ್ಮಿಟ್ ಆದ ದಿನ ಈ ಪಟ್ಟಿ ಪೂರ್ತಿ ಮುರಿಯುತ್ತದೆ. ಅದಕ್ಕೆಂದೇ ಒಂದು ಚೀಲ ತಯಾರಿರಲಿ: ನಿಮ್ಮ ಮಾತ್ರೆ ಐದು ದಿನಕ್ಕಾಗುವಷ್ಟು, ಚಾರ್ಜರ್, ಒಂದು ಜೊತೆ ಬಟ್ಟೆ, ಟವೆಲ್, ಚಾಪೆ, ಹೊದಿಕೆ, ಕಡಲೆ-ಬೆಲ್ಲ, ನೀರಿನ ಬಾಟಲಿ. ಅಲ್ಲಿ ಮೂರೇ ನಿಯಮ: ನಿಮ್ಮ ಮಾತ್ರೆ ತಪ್ಪಬಾರದು, ದಿನಕ್ಕೆ ಒಂದು ಊಟವಾದರೂ ಕ್ಯಾಂಟೀನಿನಲ್ಲಿ ಕೂತು ಆಗಬೇಕು, ಸತತ ಎರಡು ರಾತ್ರಿ ಒಬ್ಬರೇ ಇರಬಾರದು.

ಡಿಸ್ಚಾರ್ಜ್ ಆಗುವ ದಿನ ಹೊಸ ಮಾತ್ರೆಗಳ ಚೀಟಿ ಕೊಡುತ್ತಾರೆ. ಮನೆಗೆ ಬಂದ ದಿನವೇ ನೋಟ್‌ಬುಕ್ಕಿನ ಮೊದಲ ಹಾಳೆಯನ್ನು ಹೊಸದಾಗಿ ಬರೆದು, ಹಳೆಯದನ್ನು ಹರಿದುಹಾಕಿ. ಎರಡೂ ಉಳಿದರೆ ಭಾನುವಾರ ಬರುವ ಚಿಕ್ಕಮ್ಮ ನೋಡುವುದು ಯಾವುದನ್ನೋ.